ಡಾಲರ್ ಸಂಬಳವನ್ನು 85ರಿಂದ ಗುಣಿಸಿದರೆ ಸಾಕಾ?

"ಅಮೆರಿಕದಲ್ಲಿ ವರ್ಷಕ್ಕೆ 1 ಲಕ್ಷ ಡಾಲರ್ ಸಂಬಳ ಅಂದರೆ ಬೆಂಗಳೂರಿನಲ್ಲಿ 85 ಲಕ್ಷ ರೂಪಾಯಿ ಸಿಕ್ಕಂತೆ." ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಈ ಮೆಸೇಜ್ ಮತ್ತೆ ಬಂದಿದೆ. ಈ ಲೆಕ್ಕ ತಪ್ಪು.

ಒಂದು ಡಾಲರ್ ಕೊಳ್ಳಲು ಎಷ್ಟು ರೂಪಾಯಿ ಬೇಕು ಅಂತ ಮಾತ್ರ ವಿನಿಮಯ ದರ ಹೇಳುತ್ತದೆ. ಆ ದುಡ್ಡಿಗೆ ಏನು ಸಿಗುತ್ತದೆ ಅನ್ನುವುದು ಬೇರೆಯೇ ಮಾತು, ಅಲ್ವಾ? ಜಯನಗರದ ದರ್ಶಿನಿಯಲ್ಲಿ 85 ರೂಪಾಯಿಗೆ ತಿಂಡಿ ಆಗುತ್ತದೆ, ನ್ಯೂಯಾರ್ಕ್‌ನಲ್ಲಿ ಒಂದು ಡಾಲರ್‌ಗೆ ಒಂದು ಲೋಟ ಕಾಫಿ ಸಿಗುವುದೂ ಕಷ್ಟ. ಕಟಿಂಗ್, ಮನೆಗೆಲಸ, ಆಟೊ ಹೀಗೆ ಜನರ ದುಡಿಮೆಯೇ ಮುಖ್ಯವಾದ ಕಡೆ ಅಂತರ ಇನ್ನೂ ಜಾಸ್ತಿ, ಯಾಕಂದರೆ ಇಲ್ಲಿ ಕೂಲಿ ಕಡಿಮೆ. ವಿಶ್ವಬ್ಯಾಂಕಿನ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಲ್ಲಿ 1 ಡಾಲರ್‌ಗೆ ಸಿಗುವಷ್ಟು ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ.

ಹಾಗಂತ ಸುಮ್ನೆ 20ರಿಂದ ಗುಣಿಸಿದರೂ ಆಗದು. ಅದು ಹಳ್ಳಿಯೂ ಸೇರಿದ ಇಡೀ ದೇಶದ ಸರಾಸರಿ. ಇಂದಿರಾನಗರದ ಬಾಡಿಗೆ ಆ ಸರಾಸರಿಗೆ ಸಿಗುವುದಿಲ್ಲ, ಐಫೋನ್ ಕೂಡ ಇಲ್ಲಿ ಅಗ್ಗವಲ್ಲ.

ಇನ್ನು ಬದುಕಿನ ಮಟ್ಟ ಬರೀ ಸಂಬಳವಲ್ಲ. ಅದಕ್ಕೇ 1990ರಿಂದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಆದಾಯದ ಜೊತೆ ಆಯಸ್ಸು, ಓದನ್ನೂ ಎಣಿಸುತ್ತಾರೆ. ಭಾರತದಲ್ಲಿ ಸರಾಸರಿ ಆಯಸ್ಸು ಸುಮಾರು 72 ವರ್ಷ, ಅಮೆರಿಕದಲ್ಲಿ 78ರ ಆಸುಪಾಸು. ಅಮೆರಿಕಕ್ಕಿಂತ ತಲಾ ಆದಾಯ ಕಡಿಮೆ ಇರುವ ಜಪಾನಿನಲ್ಲಿ ಸುಮಾರು 84.