ಕಾಡಿನಲ್ಲಿ ರೇಸು, ಕುವೆಂಪುನಗರದಿಂದ ಕಾಮೆಂಟ್ರಿ

ಬೆಲ್ಜಿಯಂನ ಸ್ಪಾ ಫ್ರಾಂಕೋರ್ಷಾಂನಲ್ಲಿ ಫಾರ್ಮುಲಾ ಒನ್ ರೇಸ್ ನೋಡಲು ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ಟಿಕೆಟ್ ಸಿಗುತ್ತದೆ. ಗೋಲ್ಡ್ ತಗೊಂಡವರಿಗೆ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ಕುರ್ಚಿ, ಕುರ್ಚಿಗೊಂದು ನಂಬರು. ಬ್ರಾಂಜ್ ತಗೊಂಡವರಿಗೆ ಕಾಡು. ಆರ್ಡೆನ್ ಬೆಟ್ಟಗಳಲ್ಲಿ ಏಳು ಕಿಲೋಮೀಟರ್ ಹತ್ತಿ, ಇಳಿದು, ಹೊರಳುವ ಟ್ರ್ಯಾಕಿನ ಪಕ್ಕದಲ್ಲಿ ಎಲ್ಲಿ ಹುಲ್ಲಿದೆಯೋ, ಎಲ್ಲಿ ಇನ್ನೊಬ್ಬರ ಕಾಲು ಚಾಚಿಲ್ಲವೋ ಅಲ್ಲಿ ನೀವು ಕೂರಬಹುದು. ಒಲಿಂಪಿಕ್ಸಿನಲ್ಲಿ ಬ್ರಾಂಜ್ ಬಂದವರಿಗೆ ಹತ್ತಿ ನಿಲ್ಲೋದಕ್ಕೆ ಒಂದು ಮೆಟ್ಟಿಲನ್ನಾದರೂ ಹಾಕಿರುತ್ತಾರೆ.

ಒಲಿಂಪಿಕ್ಸ್ ವಿಷಯ ಸುಮ್ಮನೆ ತೆಗೆದಿದ್ದಲ್ಲ. ನಾವು ಹೋಗಿದ್ದು 2024ರ ಜುಲೈ 28, ಭಾನುವಾರ. ಅದೇ ದಿನ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೂರು ಬಣ್ಣದ ಬಾವುಟಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಆ ಸಂಭ್ರಮದ ಮಧ್ಯೆ ನಾನು ನಮ್ಮ ಟಿಕೆಟ್ಟಿನ ಫೋಟೊ ಹಾಕಿ ‘ನಮಗೂ ಬ್ರಾಂಜ್’ ಅಂತ ಬರೆದೆ. ದೊಡ್ಡಪ್ಪನಿಂದ ಉತ್ತರ ಬಂತು: ‘ದೇಶದ ವಿಷಯದಲ್ಲಿ ತಮಾಷೆ ಬೇಡಪ್ಪ.’

ಈ ಟಿಕೆಟ್ಟಿನ ಮೂಲಪುರುಷ ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಅಕ್ಕನ ಮಗ. ಕಾರು ಓಡಿಸಲು ಇನ್ನೂ ಲೈಸೆನ್ಸ್ ಇಲ್ಲ, ಆದರೆ ಯಾವ ಟೀಮು ಯಾವ ಸುತ್ತಿನಲ್ಲಿ ಟೈರ್ ಬದಲಿಸಬೇಕಿತ್ತು ಅನ್ನುವುದು ಅವನಿಗೆ ಟೀಮಿನವರಿಗಿಂತ ಚೆನ್ನಾಗಿ ಗೊತ್ತು. ನಾವಿರೋದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಅಲ್ಲಿಂದ ಸ್ಪಾ ಸರ್ಕಿಟ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ‘ಮಾಮ, ಮೈಸೂರಿನವರು ಅರಮನೆ ನೋಡದೇ ಇರೋದು ಸರಿ, ಅದು ಎಲ್ಲೂ ಹೋಗಲ್ಲ. ಸ್ಪಾ ನೋಡದೇ ಇದ್ದರೆ ನಾನು ನಿಮ್ಮ ಹತ್ತಿರ ಮಾತಾಡಲ್ಲ’ ಅಂದ. ಗೋಲ್ಡ್ ಟಿಕೆಟ್ಟಿನ ರೇಟು ನೋಡಿ ನನ್ನ ಹೆಂಡತಿಯೂ ಮಾತಾಡಲಿಲ್ಲ. ಹಾಗಾಗಿ ಬ್ರಾಂಜು.

ಒಂದೂವರೆ ಗಂಟೆ ದಾರಿ ಅಂತ ಹೇಳಿದ್ದು ಉಳಿದ ದಿನಗಳ ಲೆಕ್ಕ. ರೇಸಿನ ದಿನ ಕೊನೆಯ ಕೆಲವೇ ಕಿಲೋಮೀಟರ್‌ಗೆ ಅಷ್ಟೇ ಹೊತ್ತು ಹಿಡಿಯಿತು. ಆ ಭಾಗದ ರೈತರು ತಮ್ಮ ಹುಲ್ಲುಗಾವಲುಗಳನ್ನು ಪಾರ್ಕಿಂಗಿಗೆ ಬಿಟ್ಟುಕೊಡುತ್ತಾರೆ. ಹಿಂದಿನ ದಿನ ಕ್ವಾಲಿಫೈಯಿಂಗ್, ಅಂದರೆ ರೇಸಿನಲ್ಲಿ ಯಾರು ಯಾರ ಮುಂದೆ ನಿಂತು ಹೊರಡಬೇಕು ಅಂತ ತೀರ್ಮಾನಿಸುವ ಓಟ, ನಡೆದದ್ದೇ ಮಳೆಯಲ್ಲಿ, ಆದ್ದರಿಂದ ನಮ್ಮ ಪಾಲಿಗೆ ಬಂದ ಹುಲ್ಲುಗಾವಲಿನಲ್ಲಿ ಹುಲ್ಲಿಗಿಂತ ಕೆಸರೇ ಹೆಚ್ಚಿತ್ತು. ಕಾರು ನಿಲ್ಲಿಸಿದಾಗಲೇ ಚಕ್ರ ಅರ್ಧ ಬೆರಳು ಇಳಿಯಿತು. ‘ವಾಪಸ್ ಬರುವಾಗ ನೋಡಿಕೊಳ್ಳೋಣ’ ಅಂತ ನಾವಿಬ್ಬರೂ ಒಟ್ಟಿಗೇ ಹೇಳಿದೆವು. ಮದುವೆಯಾದ ಮೇಲೆ ಹೀಗೆ ಒಮ್ಮತ ಬಂದಿದ್ದು ಅಪರೂಪ.

ಗೇಟಿನಲ್ಲಿ ಬ್ಯಾಗ್ ತಪಾಸಣೆ. ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ, ಅದು ನಿಯಮ. ಬಿಯರ್ ಬಾಟಲಿಗಾಗಿ ಮಾಡಿದ ನಿಯಮವದು. ಅತ್ತೆ ಊರಿಂದ ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿ ಅದರಲ್ಲಿ ಸಿಕ್ಕಿಬಿದ್ದಿತು. ಸೆಕ್ಯುರಿಟಿಯವನು ಒಳ್ಳೆಯವನೇ. ಮುಚ್ಚಳ ತೆಗೆದ, ಮೂಸಿದ, ಒಂದು ಹೆಜ್ಜೆ ಹಿಂದೆ ಸರಿದ. ಒಳಗಿರೋದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋಗಿ, ಶೀಷೆ ಇಲ್ಲೇ ಬಿಡಿ ಅಂತ ಕೈಸನ್ನೆ ಮಾಡಿದ. ಹಿಂದೆ ನೂರಾರು ಜನ ಕಾಯುತ್ತಿರುವಾಗ ಎಣ್ಣೆ ತೇಲುವ ಉಪ್ಪಿನಕಾಯಿಯನ್ನು ಶೀಷೆಯಿಂದ ಕವರಿಗೆ ಇಳಿಸುವುದು ಫಾರ್ಮುಲಾ ಒನ್ನಿನ ಯಾವ ಪಿಟ್ ಸ್ಟಾಪಿಗೂ ಕಡಿಮೆಯ ಕೆಲಸವಲ್ಲ. ಅವರು ಎರಡೂವರೆ ಸೆಕೆಂಡಿನಲ್ಲಿ ನಾಲ್ಕು ಚಕ್ರ ಬದಲಿಸುತ್ತಾರೆ, ನಿಜ. ಅವರು ಇಪ್ಪತ್ತು ಜನ ಇರುತ್ತಾರೆ. ನಾವು ಇಬ್ಬರೇ, ಅದರಲ್ಲೂ ಒಬ್ಬರು ಬರೀ ಸಲಹೆ ಕೊಡುತ್ತಿದ್ದರು.

ಒಳಗೆ ಹೋಗಿ, ಟ್ರ್ಯಾಕು ನೇರವಾಗಿ ಓಡುವ ಕೆಮ್ಮೆಲ್ ಸ್ಟ್ರೇಟ್ ಪಕ್ಕದ ಹುಲ್ಲಿನ ದಿಬ್ಬಕ್ಕೆ ಬಂದರೆ ದಿಬ್ಬವೇ ಕಾಣುತ್ತಿಲ್ಲ, ಎಲ್ಲ ನೆದರ್ಲೆಂಡ್ಸ್ ಅಭಿಮಾನಿಗಳ ಕಿತ್ತಳೆ ಬಣ್ಣ. ಅವರ ಮೆಚ್ಚಿನ ಡ್ರೈವರ್ ಮ್ಯಾಕ್ಸ್ ವರ್‌ಸ್ಟಾಪನ್ ಹುಟ್ಟಿದ್ದು ಬೆಲ್ಜಿಯಂನಲ್ಲಿ, ಓಡಿಸೋದು ನೆದರ್ಲೆಂಡ್ಸ್ ಹೆಸರಿನಲ್ಲಿ, ಹಾಗಾಗಿ ಎರಡು ದೇಶದ ಜನ ಒಂದೇ ದಿಬ್ಬದ ಮೇಲೆ. ನಸುಕಿನಲ್ಲೇ ಬಂದವರು ಟಾರ್ಪಾಲು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಬೂಟು ಇಟ್ಟು, ಬಿಯರ್ ತರಲು ಹೋಗಿದ್ದರು. ಸಂತೆಯ ದಿನ ನಮ್ಮ ಕೆಂಪು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಶಾಸ್ತ್ರವೇ ಇದು. ಟವೆಲ್ ಬಿದ್ದ ಮೇಲೆ ಸೀಟು ಅವರದೇ, ಅದನ್ನು ಯಾವ ದೇಶದವರೂ ಪ್ರಶ್ನಿಸುವ ಹಾಗಿಲ್ಲ. ಎರಡು ಟಾರ್ಪಾಲುಗಳ ನಡುವೆ ಒಂದು ಜಮಖಾನದಷ್ಟು ಜಾಗ ಹೆಂಡತಿಯ ಕಣ್ಣಿಗೆ ಬಿತ್ತು. ಯಾರೂ ಅಲ್ಲಿ ಯಾಕೆ ಕೂತಿಲ್ಲ ಅನ್ನುವುದು ಕೂತ ಮೇಲೆ ತಿಳಿಯಿತು. ಅಷ್ಟು ಜಾಗ ಮಾತ್ರ ಉಳಿದದ್ದಕ್ಕಿಂತ ಕಡಿದಾಗಿತ್ತು. ಮಡಚುವ ಕುರ್ಚಿ ಹಾಕಿ ಕೂತರೆ ನಿಧಾನಕ್ಕೆ ಮುಂದಿನವರ ಬೆನ್ನಿಗೆ ಹೋಗಿ ತಗಲುತ್ತಿದ್ದೆ.

ಆ ಬೆನ್ನು ಒಬ್ಬ ಡಚ್ ಹಿರಿಯರದು. ಮೂರನೇ ಸಲ ತಗಲಿದಾಗ ಅವರು ತಿರುಗಿ ನಕ್ಕು, ನನ್ನ ಕುರ್ಚಿಯ ಮುಂಗಾಲಿಗೆ ತಮ್ಮ ಐಸ್ ಪೆಟ್ಟಿಗೆಯನ್ನೇ ಅಡ್ಡ ಕೊಟ್ಟರು. ಅಲ್ಲಿಂದ ಸ್ನೇಹ. ಅವರು 2021ರಲ್ಲೂ ಬಂದಿದ್ದರಂತೆ. ಆ ವರ್ಷದ ರೇಸು ಗೊತ್ತಿರಬೇಕು: ಮಳೆಯಿಂದಾಗಿ ಮೂರು ಗಂಟೆಗೂ ಹೆಚ್ಚು ಕಾಯಿಸಿ, ಎಲ್ಲರ ವೇಗ ತಗ್ಗಿಸಲು ಮುಂದೆ ಹೋಗುವ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆಯಲ್ಲಿ ಕೆಲವು ಸುತ್ತು ಓಡಿಸಿ, ಪಾಯಿಂಟುಗಳನ್ನು ಅರ್ಧ ಮಾಡಿ ಹಂಚಿ ಮುಗಿಸಿಬಿಟ್ಟರು. ಫಾರ್ಮುಲಾ ಒನ್ ಇತಿಹಾಸದಲ್ಲೇ ಅತಿ ಚಿಕ್ಕ ರೇಸು ಅದು. ಒಬ್ಬರೂ ಒಬ್ಬರನ್ನು ಹಿಂದೆ ಹಾಕಲಿಲ್ಲ. ‘ನಾನು ಅಲ್ಲಿದ್ದೆ’ ಅಂತ ಅವರು ಎದೆಯುಬ್ಬಿಸಿ ಹೇಳುವುದು ನೋಡಿ ನನಗೂ ಏನಾದರೂ ಹೇಳಬೇಕು ಅನ್ನಿಸಿತು. 2009ರಲ್ಲಿ ಇದೇ ಟ್ರ್ಯಾಕಿನಲ್ಲಿ ಫೋರ್ಸ್ ಇಂಡಿಯಾ ಕಾರು ಪೋಲ್ ಹಿಡಿದು, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಟು, ಎರಡನೆಯದಾಗಿ ಬಂದಿತ್ತು, ಅದರ ಮಾಲೀಕರು ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅಂದೆ. ಅವರು ಈಗ ಎಲ್ಲಿದ್ದಾರೆ ಅಂತ ಕೇಳಿದರು. ಉಪ್ಪಿನಕಾಯಿ ತಗೊಳ್ಳಿ ಅಂದೆ.

ಮಧ್ಯಾಹ್ನ ಮೂರಕ್ಕೆ ಸರಿಯಾಗಿ ರೇಸು ಶುರು. ಶುರುವಾಗಿದ್ದು ನಾವು ನೋಡಲಿಲ್ಲ, ಕೇಳಿದೆವು. ಶುರುವಾಗುವ ಜಾಗ ಬೆಟ್ಟದ ಆಚೆ ಕೆಳಗಿದೆ. ಮೊದಲು ಮರಗಳ ಹಿಂದಿನಿಂದ ಗುಂಯ್ ಅಂತ ಸದ್ದು, ಆಮೇಲೆ ಇಡೀ ದಿಬ್ಬ ಎದ್ದು ನಿಂತಿತು, ನಾನೂ ಎದ್ದೆ, ಮುಂದಿನವರ ಬಾವುಟವೂ ಎದ್ದಿತು. ಬಾವುಟ ಇಳಿಯುವಷ್ಟರಲ್ಲಿ ಇಪ್ಪತ್ತೂ ಕಾರು ಹೋಗಿ ಆಗಿತ್ತು. ‘ನೋಡಿದ್ರಾ?’ ಅಂದಳು ಹೆಂಡತಿ. ‘ವಾಸನೆ ಬಂತು’ ಅಂದೆ.

ಇಲ್ಲೊಂದು ಲೆಕ್ಕ ಹೇಳಬೇಕು. ಸ್ಪಾ ಈಗಿನ ಟ್ರ್ಯಾಕುಗಳಲ್ಲೆಲ್ಲ ಅತಿ ಉದ್ದದ್ದು. ಉದ್ದ ಜಾಸ್ತಿಯಾದರೆ ಸುತ್ತು ಕಡಿಮೆ. ಮೊನಾಕೊದಲ್ಲಿ ಕಾರು 78 ಸಲ ಕಣ್ಣೆದುರು ಬಂದರೆ ಇಲ್ಲಿ ಬರುವುದು 44 ಸಲ ಮಾತ್ರ. ಗಂಟೆಗೆ 300 ಕಿಲೋಮೀಟರ್ ದಾಟಿದ ವೇಗದಲ್ಲಿ ಒಂದು ಕಾರು ನಮ್ಮ ಕಣ್ಣಳತೆಯಲ್ಲಿ ಇರುವುದು ನಾಲ್ಕು ಸೆಕೆಂಡು ಅಂತಿಟ್ಟುಕೊಳ್ಳಿ. 44 ನಾಲ್ಕಲಿ 176. ಅಂದರೆ ನಸುಕಿಗೆ ಎದ್ದು, ಚಿತ್ರಾನ್ನ ಕಲೆಸಿ, ಗಡಿ ದಾಟಿ, ಕೆಸರು ತುಳಿದು ಬಂದವನಿಗೆ ತನ್ನ ಮೆಚ್ಚಿನ ಕಾರಿನ ದರ್ಶನ ಒಟ್ಟು ಮೂರು ನಿಮಿಷಕ್ಕೂ ಕಡಿಮೆ. ಬಾವುಟದ ಕಾಲ ಕಳೆದರೆ ಎರಡು. ತಿರುಪತಿಯಲ್ಲೂ ಇಷ್ಟು ಸಿಗುವುದಿಲ್ಲ ಅನ್ನುವುದೊಂದೇ ಸಮಾಧಾನ.

ಮೊದಲ ಹತ್ತು ಸುತ್ತು ಯಾರು ಮುಂದೆ ಅಂತ ತಿಳಿಯುತ್ತಿತ್ತು, ಯಾಕೆಂದರೆ ಮುಂದೆ ಇದ್ದವನೇ ಮುಂದೆ. ಟೈರ್ ಬದಲಿಸಲು ಒಬ್ಬೊಬ್ಬರೇ ಪಿಟ್‌ಗೆ ಹೋಗತೊಡಗಿದರೋ, ಕಥೆ ಕೈತಪ್ಪಿತು. ಧ್ವನಿವರ್ಧಕದಲ್ಲಿ ಬರುತ್ತಿದ್ದ ವಿವರಣೆ ಕಾಡಿನ ಮರಗಳಿಗೆ ಅರ್ಥವಾಗಿರಬಹುದು. ದೊಡ್ಡ ಪರದೆ ಇತ್ತು, ಅದರ ಮುಂದೆ ಒಂದು ಮರ ಇತ್ತು. ಉಳಿದದ್ದು ನನ್ನ ಫೋನು. ಮೈಸೂರಿನಲ್ಲಿ ಆಗ ಸಂಜೆ ಆರೂವರೆ ದಾಟಿತ್ತು. ಅಕ್ಕನ ಮಗ ಮೊಬೈಲು ಗೋಡೆಗೊರಗಿಸಿ, ಬೋಂಡ ತಿನ್ನುತ್ತಾ, ರೇಸಿನ ಪ್ರತಿ ಅಂಗುಲವನ್ನೂ ನೋಡುತ್ತಿದ್ದ. ಲಕ್ಷಗಟ್ಟಲೆ ಜನ ಒಂದೇ ಬೆಟ್ಟದ ಮೇಲೆ ನೆಟ್‌ವರ್ಕ್ ಹಂಚಿಕೊಂಡಿದ್ದರಿಂದ ಅವನ ಸಂದೇಶಗಳು ಐದಾರು ನಿಮಿಷ ಸುಮ್ಮನಿದ್ದು ಒಮ್ಮೆಲೇ ಉದುರುತ್ತಿದ್ದವು. ‘ಮಾಮ, ನಿಮ್ಮ ಮುಂದೇನೇ ಓವರ್‌ಟೇಕ್ ಆಯ್ತು!’ ‘ಮಾಮ, ನೋಡಿದ್ರಾ ಇಲ್ವಾ?’ ‘ಮಾಮ, ಎದ್ದಿದ್ದೀರಾ?’

ಒಂದೇ ಟೀಮಿನ ಎರಡು ಕಾರನ್ನು ಹೇಗೆ ಗುರುತಿಸುವುದು ಅಂತ ಕೇಳಿದ್ದಕ್ಕೆ, ಡ್ರೈವರ್ ತಲೆಯ ಮೇಲಿರುವ ಕ್ಯಾಮೆರಾ ನೋಡಿ ಮಾಮ, ಒಂದರದ್ದು ಕಪ್ಪು, ಇನ್ನೊಂದರದ್ದು ಹಳದಿ ಅಂತ ಬರೆದ. ನಾನು ನಾಲ್ಕು ಸುತ್ತು ಕ್ಯಾಮೆರಾ ಹುಡುಕಿದೆ. ಮನೆಯಲ್ಲಿ ನಿಂತಲ್ಲೇ ನಿಂತಿರುವ ನನ್ನ ಕನ್ನಡಕವೇ ನನಗೆ ಸಿಗುವುದಿಲ್ಲ.

ಡಚ್ ಹಿರಿಯರಿಗೆ ನನ್ನ ಈ ಸುದ್ದಿಮೂಲದ ವಾಸನೆ ಹತ್ತಿತು. ಅವರ ಫೋನು ಸತ್ತೇಹೋಗಿತ್ತು. ‘ಇಂಡಿಯಾ ಏನು ಹೇಳುತ್ತೆ?’ ಅಂತ ತಿರುಗಿದರು. ವರ್‌ಸ್ಟಾಪನ್ ಇಂಜಿನ್ ಬದಲಿಸಿದ ದಂಡಕ್ಕೆ ಹತ್ತು ಸ್ಥಾನ ಹಿಂದಿನಿಂದ ಹೊರಟಿದ್ದ. ಈಗ ಎಷ್ಟನೆಯವನು ಅನ್ನುವುದು ಇಡೀ ಕಿತ್ತಳೆ ದಿಬ್ಬದ ಚಿಂತೆ. ನಾನು ಕುವೆಂಪುನಗರಕ್ಕೆ ಬರೆದು, ಉತ್ತರ ಬಂದ ಮೇಲೆ ಅವರಿಗೆ ಹೇಳುತ್ತಿದ್ದೆ, ಅವರು ಡಚ್ಚಿನಲ್ಲಿ ಕೆಳಗಿನ ಸಾಲಿಗೆ ಕೂಗುತ್ತಿದ್ದರು, ಅಲ್ಲಿಂದ ಅದು ಫ್ರೆಂಚಿಗೆ ತಿರುಗಿ ಬೇಲಿಯವರೆಗೆ ಹೋಗುತ್ತಿತ್ತು. ಬೇಲಿಯಾಚೆ ಹತ್ತು ಮಾರು ದೂರದಲ್ಲಿ ಆ ಮನುಷ್ಯನೇ ಹಾದುಹೋಗುತ್ತಿದ್ದ.

ಇಷ್ಟರಲ್ಲಿ ಹೆಂಡತಿ ಆಲೂಗಡ್ಡೆ ಫ್ರೀಟ್ ತರುತ್ತೇನೆ ಅಂತ ಹೋದವಳು ಬರಲೇ ಇಲ್ಲ. ಹುಡುಕಿಕೊಂಡು ಹೋದರೆ ಫ್ರೀಟ್ ಅಂಗಡಿಯ ಕ್ಯೂನಲ್ಲಿ ನಿಂತು, ತನ್ನ ಸರದಿ ಬಂದಾಗೆಲ್ಲ ಹಿಂದಿನವರನ್ನು ‘ನೀವು ಹೋಗಿ, ನೀವು ಹೋಗಿ’ ಅಂತ ಮುಂದೆ ಬಿಡುತ್ತಿದ್ದಳು. ಆ ಕ್ಯೂನಿಂದ ದೊಡ್ಡ ಪರದೆ ಮರವಿಲ್ಲದೆ, ಬಾವುಟವಿಲ್ಲದೆ, ಪೂರ್ತಿ ಕಾಣುತ್ತಿತ್ತು. ಆ ಬೆಟ್ಟದಲ್ಲಿ ಬ್ರಾಂಜ್ ಟಿಕೆಟ್ಟಿಗೆ ಸಿಗುವ ಅತ್ಯುತ್ತಮ ಜಾಗ ಅದೇ ಅಂತ ನಾನು ಯಾರಿಗೆ ಬೇಕಾದರೂ ಬರೆದುಕೊಡುತ್ತೇನೆ. ‘ರಸೆಲ್ ಒಂದೇ ಸಲ ಟೈರ್ ಬದಲಿಸಿದ್ದಾನೆ, ಹ್ಯಾಮಿಲ್ಟನ್ ಹಿಂದೇನೇ ಬರ್ತಿದ್ದಾನೆ, ಸುಮ್ನೆ ನಿಂತ್ಕೊಳ್ಳಿ’ ಅಂದಳು. ಬೆಳಗ್ಗೆಯವರೆಗೂ ಈ ಇಬ್ಬರು ಡ್ರೈವರ್‌ಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಕೊನೆಯ ಸುತ್ತುಗಳು ನಿಜಕ್ಕೂ ಮೈ ಜುಮ್ಮೆನ್ನಿಸಿದವು. ಸವೆದ ಟೈರಿನಲ್ಲಿ ಜಾರ್ಜ್ ರಸೆಲ್ ಮುಂದೆ, ಹೊಸ ಟೈರಿನಲ್ಲಿ ಅದೇ ಟೀಮಿನ ಲೂಯಿಸ್ ಹ್ಯಾಮಿಲ್ಟನ್ ಹಿಂದೆ, ನಡುವೆ ಅರ್ಧ ಸೆಕೆಂಡು. ರಸೆಲ್ ಗೆದ್ದ. ಗೆದ್ದವನು ಕೈಬೀಸುತ್ತಾ ಒಂದು ಸುತ್ತು ಬರುತ್ತಾನೆ, ಆಗ ನಿಧಾನಕ್ಕೆ ಹೋಗುವುದರಿಂದ ಫೋಟೊ ಚೆನ್ನಾಗಿ ಬರುತ್ತದೆ ಅಂತ ಅಕ್ಕನ ಮಗ ಮೊದಲೇ ಹೇಳಿಕೊಟ್ಟಿದ್ದ. ಬೇಲಿಗೆ ಮೂಗು ಒತ್ತಿ ಕಾದೆವು. ಯಾರೂ ಬರಲಿಲ್ಲ. ಸ್ಪಾದಲ್ಲಿ ಟ್ರ್ಯಾಕ್ ಉದ್ದ ಅಂತ, ಗೆರೆ ದಾಟಿದ ಕಾರುಗಳು ಮೊದಲ ತಿರುವಿನಲ್ಲೇ ಹೊರಳಿ, ಪಿಟ್ಟಿನಿಂದ ಹೊರಬರುವ ದಾರಿಯಲ್ಲಿ ಉಲ್ಟಾ ನುಗ್ಗಿ ಒಳಗೆ ಸೇರಿಬಿಡುತ್ತವೆ. ಕಾಡಿನಲ್ಲಿ ಕೂತವರಿಗೆ ಟಾಟಾ ಕೂಡ ಇಲ್ಲ. ಹೆಂಡತಿ ಫ್ರೀಟ್ ಅಂಗಡಿಗೇ ವಾಪಸ್ ಓಡಿ, ಪರದೆಯ ಮೇಲೆ ರಸೆಲ್ ಟ್ರೋಫಿ ಎತ್ತಿದ್ದನ್ನು ಫೋಟೊ ಹೊಡೆದು, ‘ಇವತ್ತಿನ ವಿನ್ನರ್, ನಮ್ಮ ಕಣ್ಣೆದುರೇ!’ ಅಂತ ಫ್ಯಾಮಿಲಿ ಗ್ರೂಪಿಗೆ ಒತ್ತಿದಳು. ಅದು ಹೋಗದೆ ಗಡಿಯಾರದ ಚಿಹ್ನೆ ಹೊತ್ತು ಕೂತಿತು.

ಬೇಲಿಯ ಗೇಟು ತೆಗೆದ ಮೇಲೆ ಜನರೊಂದಿಗೆ ನಾವೂ ಟ್ರ್ಯಾಕಿಗಿಳಿದೆವು. ರೆಡಿಯೋಂ ಅನ್ನುವ ಕಡಿದಾದ ಏರನ್ನು ಟೀವಿಯಲ್ಲಿ ನೋಡಿದವರು ಅದನ್ನು ಒಮ್ಮೆ ಕಾಲಿನಲ್ಲಿ ಇಳಿದು ನೋಡಬೇಕು. ಅಲ್ಲೇ ಕೆಳಗೆ ಹರಿಯುವ ಹಳ್ಳದ ಹೆಸರನ್ನೇ ತಿರುವಿಗೂ ಇಟ್ಟಿದ್ದಾರೆ, ಓ ರೂಜ್ ಅಂತ. ಟೀವಿಯಲ್ಲಿ ಚಪ್ಪಟೆಯಾಗಿ ಕಾಣುವ ಆ ರಸ್ತೆಯಲ್ಲಿ ಇಳಿಯುವಾಗ ನನ್ನ ಮಂಡಿಗಳೆರಡೂ ದನಿ ತೆಗೆದವು. ವಾಪಸ್ ಅದನ್ನೇ ಹತ್ತಬೇಕು ಅನ್ನುವುದು ಕೆಳಗೆ ತಲುಪಿದ ಮೇಲೆ ಹೊಳೆಯಿತು. ಟೈರಿನಿಂದ ಕಿತ್ತುಬಂದ ರಬ್ಬರಿನ ಚೂರುಗಳು ಬೂಟಿಗೆ ಮೆತ್ತಿಕೊಂಡು ನಾನು ಒಂದಂಗುಲ ಎತ್ತರವಾಗಿದ್ದೆ.

ಹೊಲಕ್ಕೆ ಬಂದರೆ ಅಂದುಕೊಂಡಂತೆ ಕಾರು ಕದಲಲಿಲ್ಲ. ಮುಂದೆ ನಿಂತ ಸಾಲೂ ಕದಲುತ್ತಿರಲಿಲ್ಲ, ಹಾಗಾಗಿ ಬೇಜಾರಾಗಲಿಲ್ಲ. ಬಹಳ ಹೊತ್ತಿನ ಮೇಲೆ ಟ್ರ್ಯಾಕ್ಟರ್ ಹತ್ತಿ ಬಂದ ರೈತ ಹಗ್ಗ ಕಟ್ಟುತ್ತಾ ಯಾರು ಗೆದ್ದಿದ್ದು ಅಂತ ಕೇಳಿದ. ನನ್ನ ಫ್ರೆಂಚ್ ಬೋಂಜೂರ್‌ನಿಂದ ಮೆರ್ಸಿವರೆಗೆ ಮಾತ್ರ, ಆದರೆ ಈ ಪ್ರಶ್ನೆಗೆ ಹೆಸರು ಸಾಕು. ‘ರಸೆಲ್’ ಅಂದೆ. ಆತ ತಲೆಯಾಡಿಸಿ ಟ್ರ್ಯಾಕ್ಟರ್ ಹತ್ತುವಷ್ಟರಲ್ಲಿ ಫೋನು ಬಡಿದುಕೊಂಡಿತು. ‘ಮಾಮ!! ರಸೆಲ್ ಔಟ್! ಕಾರಿನ ತೂಕ 798 ಕೆಜಿ ಇರಬೇಕಿತ್ತು, ಪೆಟ್ರೋಲ್ ತೆಗೆದು ತೂಗಿದರೆ ಒಂದೂವರೆ ಕೆಜಿ ಕಡಿಮೆ! ಹ್ಯಾಮಿಲ್ಟನ್ ವಿನ್ನರ್!’ ನಾನು ಟ್ರ್ಯಾಕ್ಟರಿನ ಸದ್ದು ಮೀರಿ ‘ಹ್ಯಾಮಿಲ್ಟನ್! ಹ್ಯಾಮಿಲ್ಟನ್!’ ಅಂತ ಕೂಗಿದೆ. ಇಡೀ ದಿನ ಬಿಸಿಲಿನಲ್ಲಿ ಬಿಯರ್ ಕುಡಿದವರನ್ನು ಆತ ಬಹಳ ನೋಡಿರಬೇಕು. ಕನಿಕರದಿಂದ ಕೈಯೆತ್ತಿ ಎಳೆಯತೊಡಗಿದ.

ಒಂದೇ ಸಲ ಟೈರ್ ಬದಲಿಸಿದ್ದಕ್ಕೆ ಸವೆತ ಜಾಸ್ತಿಯಾಗಿರಬೇಕು, ಮತ್ತೆ ಇಲ್ಲಿ ರೇಸ್ ಮುಗಿದ ಮೇಲೆ ನಿಧಾನದ ಸುತ್ತು ಇಲ್ಲದ್ದರಿಂದ ರಬ್ಬರ್ ಚೂರು ಟೈರಿಗೆ ಮೆತ್ತಿಕೊಂಡು ತೂಕ ಕೂಡುವುದೂ ಇಲ್ಲ ಅಂತ ಅಕ್ಕನ ಮಗ ವಿವರಿಸಿದ. ನನ್ನ ಬೂಟುಗಳನ್ನು ನೋಡಿಕೊಂಡೆ. ಕೆಸರೂ ರಬ್ಬರೂ ಸೇರಿ ಅಷ್ಟು ತೂಕ ಅಲ್ಲೇ ಇತ್ತು, ಕೇಳಿದ್ದರೆ ಕೊಡುತ್ತಿದ್ದೆ.

ಅದೇ ಹೊತ್ತಿಗೆ ನೆಟ್‌ವರ್ಕ್ ಬಂದು ಹೆಂಡತಿಯ ಫೋಟೊ ಹೊರಟಿತು. ಮೇಲೆ ಅಕ್ಕನ ಮಗನ ‘ರಸೆಲ್ ಔಟ್’, ಅದರ ಕೆಳಗೇ ಇವಳ ‘ಇವತ್ತಿನ ವಿನ್ನರ್, ನಮ್ಮ ಕಣ್ಣೆದುರೇ!’ ದೊಡ್ಡಪ್ಪ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ‘ಅತ್ತೆ, ನೀವು ನಿಜವಾಗ್ಲೂ ಹೋಗಿದ್ರಾ?’ ಅಂತ ಅಕ್ಕನ ಮಗ ಕೇಳಿದ. ಕೊನೆಗೆ ಅಕ್ಕನ ವಾಯ್ಸ್ ಮೆಸೇಜು ಬಂತು, ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ:

‘ಅಲ್ವೋ, ಬರೀ ಒಂದೂವರೆ ಕೆಜಿಗೆ ಇಷ್ಟು ರಂಪಾಟವಾ? ಆ ಹುಡುಗನಿಗೆ ಬೆಳಗ್ಗೆ ಸರಿಯಾಗಿ ತಿಂಡಿ ಕೊಟ್ಟಿದ್ದರೆ ಆಗ್ತಿತ್ತಲ್ಲ. ನೀವು ತಗೊಂಡುಹೋಗಿದ್ದ ಚಿತ್ರಾನ್ನ ಉಳಿದಿತ್ತೋ ಇಲ್ವೋ?’

ಉಳಿದಿತ್ತು.