ಕದ್ದ ಮಾಲಿನ ಕೈಗಡ

ಲಂಡನ್ನಿನ ಎರಡು ಘನ ವಸ್ತುಸಂಗ್ರಹಾಲಯಗಳ ಔದಾರ್ಯಕ್ಕೆ ಎಷ್ಟು ಕೈಮುಗಿದರೂ ಸಾಲದು. ಬ್ರಿಟಿಷ್ ಮ್ಯೂಸಿಯಂ 15, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 17, ಹೀಗೆ ಒಟ್ಟು 32 ವಸ್ತುಗಳನ್ನು ಅವು 2024ರಲ್ಲಿ ಘಾನಾದ ಕುಮಾಸಿಯಲ್ಲಿರುವ ಅಸಾಂಟೆ ಜನಾಂಗದ ದೊರೆಯ ಮನ್ಹಿಯಾ ಅರಮನೆಗೆ ಕಳುಹಿಸಿ, ಮೂರು ವರ್ಷ ಇಟ್ಟುಕೊಳ್ಳಿ, ಬೇಕೆನಿಸಿದರೆ ಇನ್ನೂ ಮೂರು ವರ್ಷಕ್ಕೆ ಕೇಳಿಕೊಳ್ಳಿ ಎಂದು ಅಪ್ಪಣೆ ಕೊಡಿಸಿವೆ. ಅವುಗಳಲ್ಲಿ ಬಹುಪಾಲು ಅದೇ ಅರಮನೆತನದವು ಎಂಬ ಕ್ಷುಲ್ಲಕ ಸಂಗತಿಯನ್ನು ಕರಾರಿನ ಹೊತ್ತಿನಲ್ಲಿ ಎತ್ತುವುದು ಸಭ್ಯರ ಲಕ್ಷಣವಲ್ಲ. ಮನೆಯ ಒಡವೆಯನ್ನು ಹೊತ್ತೊಯ್ದವನು ಅದೇ ಮನೆಯ ಮದುವೆಗೆ ನಾಲ್ಕು ದಿನ ಅದನ್ನು ಕೈಗಡ ಕೊಟ್ಟು, ಗೀರು ಬೀಳದಂತೆ ನೋಡಿಕೊಳ್ಳಿ ಎಂದು ಬುದ್ಧಿ ಹೇಳಿದರೆ, ನಾವಾದರೂ ಅವನಿಗೆ ಎಲೆಯಡಿಕೆ ಕೊಟ್ಟೇ ಕಳುಹಿಸಬೇಕಲ್ಲವೆ?

ಹೊತ್ತೊಯ್ದ ಕ್ರಮವೂ ಅಷ್ಟೇ ಅಚ್ಚುಕಟ್ಟಾಗಿತ್ತು. 1874ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನಾಪತಿ ಗಾರ್ನೆಟ್ ವುಲ್ಸ್‌ಲಿಯ ಸೈನ್ಯ ಕುಮಾಸಿಗೆ ನುಗ್ಗಿ, ಅರಮನೆಯನ್ನು ಬರಿದು ಮಾಡಿ, ಅನಂತರ ಅದನ್ನು ಮದ್ದಿಟ್ಟು ಉಡಾಯಿಸಿತು. ಆಮೇಲೆ, ಯುದ್ಧದ ಖರ್ಚು ಸೋತವರದೇ ಎಂದು, 50,000 ಔನ್ಸ್ ಚಿನ್ನದ, ಅಂದರೆ ಒಂದೂವರೆ ಟನ್ನಿಗೂ ಮಿಗಿಲಾದ ದಂಡವನ್ನು ಹೇರಲಾಯಿತು. ದೋಚಿದ ಮಾಲು ಹರಾಜಾಗಿ, ರಾಜಮನೆತನದ ಒಡವೆ ವ್ಯಾಪಾರಿ ಗ್ಯಾರಾರ್ಡ್ ಕಂಪನಿಯ ಅಂಗಡಿಯ ಮೂಲಕ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯನ್ನು ಸೇರಿತು. ಲೂಟಿಗೂ ರಸೀದಿ ಹರಿಯುವ ಈ ಶಿಸ್ತು ಶ್ರೀರಂಗಪಟ್ಟಣದವರಿಗೆ ಹೊಸದೇನಲ್ಲ. 1799ರಲ್ಲಿ ಅಲ್ಲಿಯೂ ಪ್ರೈಜ್ ಏಜೆಂಟರೆಂಬ ಮಹನೀಯರು ಪಾಲು ಹಂಚಲು ಕುಳಿತಿದ್ದರು. ಟಿಪ್ಪುವಿನ ಸಿಂಹಾಸನವನ್ನು ಇಡಿಯಾಗಿ ಹಂಚಲು ಬಾರದೆಂದು ತುಂಡರಿಸಿದರು. ಬಿಳಿಯ ಸಿಪಾಯಿಯ ಮೇಲೆ ಎರಗಿದ ಟಿಪ್ಪುವಿನ ಮರದ ಹುಲಿ ಇಂದಿಗೂ ಅದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನಮಗೆ ಕೈಗಡವಾಗಿ ಕೊಡುವ ಕೃಪೆ ಇನ್ನೂ ಆಗಿಲ್ಲ.

ಈ ಸಂದರ್ಭದಲ್ಲಿ ಬ್ರಿಟಿಷ್ ಗವರ್ನರ್ ಫ್ರೆಡರಿಕ್ ಹಾಡ್ಜ್‌ಸನ್ನರನ್ನು ನೆನೆಯದಿದ್ದರೆ ಪಾಪ ಬಂದೀತು. 1900ರಲ್ಲಿ ಕುಮಾಸಿಗೆ ಬಂದ ಆತ, ಅಸಾಂಟೆಗಳ ಚಿನ್ನದ ಪೀಠವನ್ನು ತನಗೆ ಕೂರಲು ಏಕೆ ತಂದಿಲ್ಲವೆಂದು ಮುಖಂಡರನ್ನು ಗದರಿಸಿದ. ಇಡೀ ಜನಾಂಗದ ಪ್ರಾಣವೇ ನೆಲೆಸಿದೆ ಎಂದು ನಂಬಲಾದ ಆ ಪೀಠದ ಮೇಲೆ ಅವರ ದೊರೆಯೇ ಕೂರುವುದಿಲ್ಲ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ದಂಡೆದ್ದಳು; ಪೀಠ ಕೇಳಿದ ಗವರ್ನರ್ ಕೋಟೆಯೊಳಗೆ ಮುತ್ತಿಗೆಗೆ ಸಿಲುಕಿ, ಕೊನೆಗೆ ತಪ್ಪಿಸಿಕೊಂಡು ಓಡಬೇಕಾಯಿತು. ಆಕೆಯನ್ನು ಸೆಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು. 1921ರಲ್ಲಿ ಅಲ್ಲಿಯೇ ತೀರಿಕೊಂಡಳು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲೇ ಇಲ್ಲ. ಸಿಕ್ಕಿದ್ದರೆ ಅದೂ ಈಗ ಕೈಗಡದ ಪಟ್ಟಿಯಲ್ಲಿರುತ್ತಿತ್ತು.

ಪೂರ್ತಿಯಾಗಿ ಏಕೆ ಮರಳಿಸಬಾರದು ಎಂದು ಕೇಳುವ ಅವಿವೇಕಿಗಳಿಗೆ ಉತ್ತರ ಸಿದ್ಧವಿದೆ: ಮನಸ್ಸಿದೆ, ಕಾನೂನು ಬಿಡುತ್ತಿಲ್ಲ. 1963ರ ಕಾಯ್ದೆ ಒಂದು ಮ್ಯೂಸಿಯಮ್ಮಿನ ಕೈ ಕಟ್ಟಿದೆ, 1983ರದು ಇನ್ನೊಂದರದು. ಕಟ್ಟಿದ ಹಗ್ಗ ಯಾರದು ಎಂದು ಕೇಳಬಾರದು. ಆದರೆ ನಾಜಿಗಳ ಕಾಲದಲ್ಲಿ ಯಹೂದಿಗಳಿಂದ ಕಿತ್ತುಕೊಂಡ ವಸ್ತುಗಳನ್ನು ಮರಳಿಸಲು ಅದೇ ಬ್ರಿಟಿಷ್ ಪಾರ್ಲಿಮೆಂಟು 2009ರಲ್ಲಿ ಬೇರೆಯೇ ಕಾಯ್ದೆ ಮಾಡಿತು, ಮಾಡಬೇಕಾದದ್ದೇ. ಅಂದಮೇಲೆ ಹಗ್ಗ ಬಿಚ್ಚಲು ಬರುತ್ತದೆ. ದೋಚಿದವರು ಜರ್ಮನರಾದರೆ ಬರುತ್ತದೆ, ತಮ್ಮ ಅಜ್ಜಂದಿರಾದರೆ ಬರುವುದಿಲ್ಲ. ಘಾನಾ 1957ರಲ್ಲಿಯೇ ಸ್ವತಂತ್ರವಾಯಿತು. ಅಷ್ಟು ದಶಕಗಳಿಂದ ಇದೇ ಸಬೂಬನ್ನು ಇಷ್ಟು ನಯವಾದ ದನಿಯಲ್ಲಿ ಕೇಳಿ ಕೇಳಿ ಸಾಕಾಗಿದೆ. ತಮಾಷೆ ಮಾಡುವ ಉತ್ಸಾಹವೂ ಉಳಿದಿಲ್ಲ.

ಅದೇ 2024ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಫೌಲರ್ ಮ್ಯೂಸಿಯಂ ತನ್ನಲ್ಲಿದ್ದ 7 ಅಸಾಂಟೆ ವಸ್ತುಗಳನ್ನು ಕುಮಾಸಿಗೆ ತಂದು, ಗಡುವಿಲ್ಲದೆ, ಷರತ್ತಿಲ್ಲದೆ ದೊರೆಗೆ ಒಪ್ಪಿಸಿತು. ಅವುಗಳಲ್ಲಿ ಕೆಲವು 1874ರಲ್ಲಿ ದೋಚಿದವು, ಮತ್ತೆ ಕೆಲವು ಆ ಯುದ್ಧದ ದಂಡಕ್ಕೆಂದು ಅಸಾಂಟೆಗಳೇ ತೆತ್ತವು.