ಅರ್ಜಿ ಹಾಕಿ ಪಡೆದದ್ದು ಪ್ರಶಸ್ತಿಯಾ?

ನಮ್ಮ ಮನೆಯ ಷೋಕೇಸಿನಲ್ಲಿ ಎರಡು ಫಲಕಗಳಿವೆ. ಒಂದು ಕ್ರೀಡಾ ಬರಹಕ್ಕೆ ಬಂದದ್ದು, ಇನ್ನೊಂದು ರೇಡಿಯೊ ಜಾಹೀರಾತಿಗೆ. ಮೊದಲು ಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿದ್ದೆ. ಆಮೇಲೆ ಕಾಪಿ, ಅಂದರೆ ಜಾಹೀರಾತಿನ ಸಾಲು, ಬರೆಯಲು ಏಜೆನ್ಸಿಯೊಂದನ್ನು ಸೇರಿದೆ.

ಕಳೆದ ಯುಗಾದಿಗೆ ಮನೆಗೆ ಬಂದ ಸೋದರಮಾವ ಒಂದು ಫಲಕವನ್ನು ಕೈಗೆತ್ತಿಕೊಂಡು ಖುಷಿಪಟ್ಟರು. "ಅವರೇ ಕರೆದು ಕೊಟ್ಟರೇನಪ್ಪ?" ಅಂದರು. "ಇಲ್ಲ ಮಾವ, ನಾವೇ ಎಂಟ್ರಿ ಕಳಿಸಬೇಕು. ಜಾಹೀರಾತಿನದ್ದಕ್ಕೆ ಫೀಸೂ ಕಟ್ಟಬೇಕು" ಅಂದೆ. ಮಾವ ಫಲಕವನ್ನು ಮೆಲ್ಲಗೆ ವಾಪಸ್ ಇಟ್ಟರು. "ಓ, ಹಂಗಾ" ಅಂದರು. ಅಷ್ಟೇ. ಆಮೇಲೆ ಒಬ್ಬಟ್ಟಿನ ಮಾತು ಶುರುವಾಯಿತು.

ಆ 'ಹಂಗಾ' ನನ್ನನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೇ ಎರಡೂ ಕಡೆಯ ವಕಾಲತ್ತನ್ನು ನಾನೇ ವಹಿಸಿಕೊಂಡಿದ್ದೇನೆ.

ಪರ: ಹೆಸರಿಲ್ಲದ ಕೆಲಸಕ್ಕೆ ಅದೊಂದೇ ರುಜು

ಕಥೆಗೆ ಹೆಸರಿದೆ, ಸಿನಿಮಾ ಹಾಡಿಗೆ ಹೆಸರಿದೆ. ಮದುವೆ ಕಾರ್ಡಿನ ಮೂಲೆಯಲ್ಲೂ ಪ್ರೆಸ್ಸಿನ ಹೆಸರು ಇರುತ್ತದೆ. ನಿಮಗೆ ಬಾಯಿಪಾಠವಾಗಿರುವ ಸೋಪಿನ ಸಾಲನ್ನು ಬರೆದದ್ದು ಯಾರು, ಹೇಳಿ ನೋಡೋಣ. ಗೊತ್ತಿಲ್ಲ ಅಲ್ವಾ? ಜಾಹೀರಾತಿನ ಕೆಳಗೆ ಬರೆದವರ ಹೆಸರು ಹಾಕುವ ಪದ್ಧತಿಯೇ ಇಲ್ಲ.

ಕನ್ನಡದ ಕಾಪಿರೈಟರ್ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಅವನನ್ನು ಜಾಸ್ತಿ ಜನ ಟ್ರಾನ್ಸ್‌ಲೇಟರ್ ಅಂದುಕೊಂಡಿದ್ದಾರೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಸ್ಕ್ರಿಪ್ಟು ಸಂಜೆ ನಾಲ್ಕಕ್ಕೆ ಮೇಲ್‌ನಲ್ಲಿ ಬರುತ್ತದೆ. ಕೆಳಗೆ 'ಇವತ್ತೇ ಬೇಕು' ಅಂತ ಇರುತ್ತದೆ. ಪರದೆಯ ಮೇಲೆ ನಟರ ತುಟಿ ಅಲ್ಲಾಡಿದಷ್ಟು ಹೊತ್ತಿನಲ್ಲೇ ಕನ್ನಡ ಮುಗಿಯಬೇಕು. ನಮ್ಮ ಕ್ರಿಯಾಪದ ಉದ್ದ ಇರುತ್ತದೆ ಅನ್ನುವುದು ಕಳಿಸಿದವರಿಗೆ ಗೊತ್ತಿಲ್ಲ.

ಒಮ್ಮೆ ಬಟ್ಟೆ ಸೋಪಿನ ರೇಡಿಯೊ ಸ್ಪಾಟ್ ಬಂತು. 30 ಸೆಕೆಂಡಿನದು. ಹಿಂದಿ ಸಾಲನ್ನು ಪಕ್ಕಕ್ಕಿಟ್ಟು, 'ಕಲೆ ಹೋಗುತ್ತೆ, ಕಳೆ ಬರುತ್ತೆ' ಅಂತ ಬರೆದೆ. ದಿಲ್ಲಿಯಿಂದ ಫೋನ್ ಬಂತು. ಒಂದೇ ಪದವನ್ನು ಎರಡು ಸಲ ಯಾಕೆ ಹೇಳುತ್ತಿದ್ದೀರಿ ಅಂತ ಕೇಳಿದರು. ಅವರ ಕಿವಿಗೆ ಲ, ಳ ಎರಡೂ ಒಂದೇ. ಒಂದು ಗಂಟೆ ವಾದ ಮಾಡಿದೆ. ಬಟ್ಟೆಯ ಕಲೆ ಬೇರೆ, ಮುಖದ ಕಳೆ ಬೇರೆ ಅಂತ ಹಿಂದಿಯಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಮುಖದ ಕಳೆಯೇ ಹೋಗಿತ್ತು. ಕೊನೆಗೆ ಹೂಂ ಅಂದರು. ಸ್ಟುಡಿಯೊದಲ್ಲಿ ಧ್ವನಿ ಕೊಟ್ಟ ಅಕ್ಕ ನಾಲಿಗೆ ಮಡಚಿ ಆ 'ಳ' ಹೇಳಿದ ರೀತಿಗೆ ರೆಕಾರ್ಡಿಂಗ್ ಮಾಡುತ್ತಿದ್ದ ಹುಡುಗ ಹೆಡ್‌ಫೋನ್ ತೆಗೆದು ನಕ್ಕುಬಿಟ್ಟ. ಅವತ್ತೇ ಗೊತ್ತಾಯಿತು, ಕೆಲಸ ಆಯಿತು ಅಂತ.

ಆ ಸ್ಪಾಟ್ ಆರು ವಾರ ಓಡಿ ನಿಂತಿತು. ಅದನ್ನು ಬರೆದವನೊಬ್ಬ ಇದ್ದಾನೆ ಅಂತ ಹೊರಗಿನವರಿಗೆ ಗೊತ್ತಾದದ್ದು ಫಲಕದಿಂದ. ಮುಂದಿನ ಕೆಲಸಕ್ಕೆ ಸಂಬಳದ ಮಾತಾಡುವಾಗ ಮೇಜಿನ ಮೇಲೆ ಇಡಲು ನನ್ನ ಹತ್ತಿರ ಇದ್ದದ್ದೂ ಅದೊಂದೇ.

ಅರ್ಜಿ ಹಾಕಿದ್ದು ಕಡಿಮೆಯಾಯಿತಾ? ಮೈಸೂರು ದಸರಾ ಕುಸ್ತಿಗೆ ಪೈಲ್ವಾನರು ಹೆಸರು ಕೊಟ್ಟು, ಬಂದು ನಿಂತು, ಜೋಡಿ ಕಟ್ಟಿಸಿಕೊಳ್ಳಬೇಕು. ಮನೆಗೆ ಬಂದು ತಾಂಬೂಲ ಕೊಟ್ಟು ಯಾರೂ ಕರೆಯುವುದಿಲ್ಲ. ಅದರಿಂದ ಗೆದ್ದವನ ಗದೆ ಹಗುರವಾಗುವುದಿಲ್ಲ. ಅಮೆರಿಕದ ಪುಲಿಟ್ಜರ್ ಪ್ರಶಸ್ತಿಗೂ ಎಂಟ್ರಿ ಕಳಿಸಬೇಕು, ಸಣ್ಣ ಫೀಸು ಕಟ್ಟಬೇಕು. ನ್ಯೂಯಾರ್ಕ್ ಟೈಮ್ಸ್‌ನ ಕ್ರೀಡಾ ಅಂಕಣಕಾರ ರೆಡ್ ಸ್ಮಿತ್‌ಗೆ ಅದು ಬಂದದ್ದು 1976ರಲ್ಲಿ. ಆಗ ಅವರಿಗೆ 70 ವರ್ಷ. ಬೇಸ್‌ಬಾಲು, ಕುದುರೆ ಜೂಜು, ಮೀನು ಹಿಡಿಯುವುದು ಅಂತ ಜೀವನಪೂರ್ತಿ ಬರೆದವರು. ಹೆಚ್ಚಾಗಿ ರಾಜಕೀಯ ಬರೆಯುವವರಿಗೆ ಕೊಡುವ ಅಂಕಣದ ಬಹುಮಾನವನ್ನು ಆಟದ ಪುಟದವನಿಗೂ ಕೊಟ್ಟರು. ಪತ್ರಿಕೆ ಕಚೇರಿಯಲ್ಲಿ ಕ್ರೀಡಾ ವಿಭಾಗವನ್ನು 'ಆಟಿಕೆ ಡಿಪಾರ್ಟ್‌ಮೆಂಟ್' ಅಂತ ಹಂಗಿಸುವವರ ನಡುವೆ ಕೂತವರಿಗೆ ಇದರ ಬೆಲೆ ಗೊತ್ತು. ನಮ್ಮಲ್ಲೂ ರಾಮನಾಥ್ ಗೋಯೆಂಕಾ ಪ್ರಶಸ್ತಿಯಲ್ಲಿ ಕ್ರೀಡಾ ಪತ್ರಿಕೋದ್ಯಮಕ್ಕೆ ಅಂತಲೇ ಒಂದು ವಿಭಾಗವಿದೆ.

ಇನ್ನು ಜಾಹೀರಾತಿನವರ ಪ್ರಶಸ್ತಿ ಎಲ್ಲವೂ 'ನೀ ನನಗಿದ್ದರೆ ನಾ ನಿನಗೆ' ಅಲ್ಲ. ಲಂಡನ್ನಿನ ಡಿ ಆ್ಯಂಡ್ ಎಡಿ 1962ರಲ್ಲಿ ಹುಟ್ಟಿದ, ವಿನ್ಯಾಸ ಮತ್ತು ಜಾಹೀರಾತಿನವರ ಸಂಸ್ಥೆ. ಅವರು ಪ್ರಶಸ್ತಿಯಾಗಿ ಕೊಡುವುದು ಪೆನ್ಸಿಲ್, ಎಲ್ಲಕ್ಕೂ ಮೇಲಿನದು ಕಪ್ಪು. ಕಪ್ಪು ಪೆನ್ಸಿಲ್ಲಿಗೆ ತಕ್ಕ ಕೆಲಸ ಸಿಗದ ವರ್ಷ ಅದನ್ನು ಯಾರಿಗೂ ಕೊಡುವುದಿಲ್ಲ. ನಮ್ಮೂರಿನ ಎಷ್ಟು ಪ್ರಶಸ್ತಿ ಸಮಿತಿಗಳಿಗೆ ಆ ಧೈರ್ಯವಿದೆ? ಜಾಹೀರಾತಿಗೆ ಪ್ರಶಸ್ತಿ ಕೊಡುವ ನ್ಯೂಯಾರ್ಕಿನ ಒನ್ ಕ್ಲಬ್ 2009ರಲ್ಲಿ ಒಂದು ನಿಯಮ ಮಾಡಿತು. ಗಿರಾಕಿಯ ಒಪ್ಪಿಗೆ ಇಲ್ಲದೆ, ಸುಮ್ನೆ ಪ್ರಶಸ್ತಿಗೆಂದೇ ಹುಟ್ಟಿಸಿದ ಜಾಹೀರಾತು ಕಳಿಸಿದ ಏಜೆನ್ಸಿಗೆ ಐದು ವರ್ಷ ಬಾಗಿಲು ಬಂದ್.

ಪೀಯೂಷ್ ಪಾಂಡೆ ಅವರನ್ನು ನೆನೆಯದೆ ಈ ವಾದ ಮುಗಿಸಲಾರೆ. ರಾಜಸ್ಥಾನಕ್ಕೆ ರಣಜಿ ಆಡಿದವರು ಜಾಹೀರಾತಿಗೆ ಬಂದರು. ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದ ಕಸುಬಿಗೆ ಹಿಂದಿ ಕಟ್ಟೆಮಾತನ್ನು ತಂದು ಕೂರಿಸಿದರು. 2018ರಲ್ಲಿ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವ (ಸಿನಿಮಾದ್ದಲ್ಲ) ಅವರಿಗೂ ತಮ್ಮ ಪ್ರಸೂನ್ ಪಾಂಡೆಗೂ ಸೇರಿಸಿ ಜೀವಮಾನದ ಗೌರವವಾದ 'ಲಯನ್ ಆಫ್ ಸೇಂಟ್ ಮಾರ್ಕ್' ಕೊಟ್ಟಿತು. ಫ್ರಾನ್ಸಿನ ಕಡಲ ತೀರದವರು ಜೈಪುರದ ಅಂಗಡಿ ಬೀದಿಯ ಮಾತಿಗೆ ಎದ್ದು ನಿಂತರು.

ಬೆಂಗಳೂರೂ ಹಿಂದೆ ಬಿದ್ದಿಲ್ಲ. 2022ರಲ್ಲಿ ಕಾನ್‌ನಲ್ಲಿ ವರ್ಷದ ಏಜೆನ್ಸಿ ಆದದ್ದು ಡೆಂಟ್ಸು ಕ್ರಿಯೇಟಿವ್ ಬೆಂಗಳೂರು. 'ದಿ ಅನ್‌ಫಿಲ್ಟರ್ಡ್ ಹಿಸ್ಟರಿ ಟೂರ್' ಅನ್ನುವ ಒಂದೇ ಕೆಲಸಕ್ಕೆ ಮೂರು ಗ್ರ್ಯಾಂಡ್ ಪ್ರಿ, ಅಂದರೆ ವಿಭಾಗದ ಅತಿ ದೊಡ್ಡ ಬಹುಮಾನ, ಬಂದವು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ವಸ್ತುವಿನತ್ತ ಫೋನ್ ಹಿಡಿದರೆ, ಅದನ್ನು ಯಾರು ಹೇಗೆ ಎತ್ತಿಕೊಂಡು ಬಂದರು ಅನ್ನುವ ಕಥೆ ಆ ವಸ್ತುವಿನ ಮೂಲ ನಾಡಿನವರ ಬಾಯಲ್ಲೇ ಕೇಳುತ್ತಿತ್ತು. ಮ್ಯೂಸಿಯಂನವರನ್ನು ಕೇಳಿ ಮಾಡಿದ್ದಲ್ಲ. ಫೀಸು ಕಟ್ಟಿ ಎಂಟ್ರಿ ಕಳಿಸದಿದ್ದರೆ ಈ ಕೆಲಸದ ಹೆಸರನ್ನೂ ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ.

ವಿರೋಧ: ಜ್ಯೂರಿಗೆ ಕೇಳಿಸದ 'ಳ'

ಮೇಲಿನ ವಾದದಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ 'ಕಲೆ-ಕಳೆ' ಸ್ಪಾಟನ್ನು ಪ್ರಶಸ್ತಿಗೆ ಕಳಿಸುವಾಗ ಜೊತೆಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕಿತ್ತು. ನಾನೇ ಮಾಡಿದೆ. ಓದಿ ನೋಡಿದರೆ 'ಮಚ್ಚೆ ಹೋಗುತ್ತದೆ, ಹೊಳಪು ಬರುತ್ತದೆ' ಅನ್ನುವ ಹಾಗಿತ್ತು. ಪ್ರಾಸ ಸತ್ತಿತ್ತು. ಲ-ಳ ಆಟವೂ ಸತ್ತಿತ್ತು. ಉಳಿದದ್ದು ಬರೀ ಸೋಪು.

ತೀರ್ಪುಗಾರರ ಪಟ್ಟಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಅದಕ್ಕೆ ನಾವು ಏನು ಮಾಡಿದೆವು? ಎರಡು ನಿಮಿಷದ ಕೇಸ್ ಫಿಲ್ಮ್, ಅಂದರೆ ನಮ್ಮ ಕೆಲಸ ಎಂಥದ್ದು ಅಂತ ಜ್ಯೂರಿಗೆ ವಿವರಿಸುವ ಚಿತ್ರ, ಮಾಡಿದೆವು. ಹಿನ್ನೆಲೆಯಲ್ಲಿ ಪಿಯಾನೊ. ಹಳ್ಳಿಯ ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು, ನಿಧಾನ ಚಲನೆಯಲ್ಲಿ ಹಾರುವ ನೀರಿನ ಹನಿ. 'ಕರ್ನಾಟಕ ಮಾತಾಡಿತು' ಅಂತ ದಪ್ಪ ಅಕ್ಷರ. ಕರ್ನಾಟಕ ಏನೂ ಮಾತಾಡಿರಲಿಲ್ಲ. ನನ್ನ ಅತ್ತಿಗೆ ಒಂದು ಸಲ ಹೊಗಳಿದ್ದರು, ಅಷ್ಟೇ. ಬಹುಮಾನ ಬಂದದ್ದು ಆ ಪಿಯಾನೊಗೆ ಅಂತ ನನಗೆ ಇವತ್ತಿಗೂ ಗುಮಾನಿ.

ಕೇಸ್ ಫಿಲ್ಮ್ ಅನ್ನುವುದು ಮದುವೆ ದಲ್ಲಾಳಿ ಇದ್ದ ಹಾಗೆ. ಹುಡುಗನ ಹತ್ತಿರ ಮಾತಾಡಲು ಬಿಡುವುದಿಲ್ಲ, ತಾನೇ ಎಲ್ಲ ಹೇಳುತ್ತದೆ. 2025ರಲ್ಲಿ ಕಾನ್‌ನಲ್ಲಿ ಬ್ರೆಜಿಲ್‌ನ ಡಿಎಂ9 ಏಜೆನ್ಸಿಗೆ ಗ್ರ್ಯಾಂಡ್ ಪ್ರಿ ಬಂತು. ಆಮೇಲೆ ನೋಡಿದರೆ ಕೇಸ್ ಫಿಲ್ಮಿನೊಳಗಿನ ಟಿವಿ ಸುದ್ದಿಯ ತುಣುಕನ್ನೇ ಎಐ ಬಳಸಿ ತಿದ್ದಿದ್ದರು. ಪ್ರಶಸ್ತಿ ವಾಪಸ್ ಹೋಯಿತು. 2016ರಲ್ಲಿ ಗ್ರೇ ಸಿಂಗಪುರ ಏಜೆನ್ಸಿ ಕೂಡ ಕಾನ್‌ನಲ್ಲಿ ಗೆದ್ದ ಕಂಚಿನ ಸಿಂಹದ ಪ್ರಶಸ್ತಿಯನ್ನು ಹಿಂತಿರುಗಿಸಿತ್ತು. ಸಮುದ್ರದಲ್ಲಿ ಸಿಕ್ಕಿಬಿದ್ದ ನಿರಾಶ್ರಿತರನ್ನು ಫೋನಿನಲ್ಲೇ ಹುಡುಕಬಹುದು ಅಂತ ಹೇಳಿದ್ದ ಆ್ಯಪ್ ಅದು. ಹೇಳಿದ ಹಾಗೆ ಅದು ಕೆಲಸ ಮಾಡುತ್ತಲೇ ಇರಲಿಲ್ಲ.

ನಮ್ಮ ದೇಶದ್ದೂ ಇದೆ. 2013ರಲ್ಲಿ ಫೋರ್ಡ್ ಫಿಗೊ ಕಾರಿನ ಪೋಸ್ಟರುಗಳು ಇಂಟರ್ನೆಟ್ಟಿನಲ್ಲಿ ಕಾಣಿಸಿದವು. ಡಿಕ್ಕಿ ದೊಡ್ಡದಿದೆ ಅಂತ ಹೇಳಲು, ಅದರೊಳಗೆ ಕೈಕಾಲು ಕಟ್ಟಿಹಾಕಿದ ಹೆಣ್ಣುಮಕ್ಕಳ ಚಿತ್ರ. ದಿಲ್ಲಿಯ ಅತ್ಯಾಚಾರ ನಡೆದು ಮೂರು ತಿಂಗಳಷ್ಟೇ ಕಳೆದಿತ್ತು. ಕಾರು ಮಾರಲು ಆ ಪೋಸ್ಟರುಗಳನ್ನು ಬಳಸಿರಲೇ ಇಲ್ಲ. ಕಂಪನಿ ಕ್ಷಮೆ ಕೇಳಿತು. ಏಜೆನ್ಸಿಯ ಹಿರಿಯರು ಕೆಲಸ ಬಿಟ್ಟರು. ಗಿರಾಕಿಗೆ ಬೇಡದ, ಜನ ನೋಡದ ಇಂಥದ್ದಕ್ಕೆ ಕಸುಬಿನವರು 'ಸ್ಕ್ಯಾಮ್ ಆ್ಯಡ್' ಅನ್ನುತ್ತಾರೆ. ಪ್ರಶಸ್ತಿ ಸೀಸನ್ ಹತ್ತಿರ ಬಂದರೆ, ಯಾರೂ ಓದದ ಪತ್ರಿಕೆಯಲ್ಲಿ ಒಂದೇ ಒಂದು ದಿನ ಜಾಹೀರಾತು ಹಾಕಿಸಿ ರಸೀದಿ ಇಟ್ಟುಕೊಳ್ಳುವ ಕಲೆಯೂ ಇದೆ. ಇದು ಮಾತ್ರ ಯಾವ ಸೋಪಿಗೂ ಹೋಗದ ಕಲೆ.

ಫೀಸಿನ ಮಾತು. ಕಾನ್‌ಗೆ ವರ್ಷಕ್ಕೆ 25 ಸಾವಿರಕ್ಕೂ ಹೆಚ್ಚು ಎಂಟ್ರಿ ಹೋಗುತ್ತವೆ, ಒಂದೊಂದಕ್ಕೂ ನೂರಾರು ಯೂರೊ. ಹುಬ್ಬಳ್ಳಿಯ ಓಣಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುತ್ತಾ ಸಾಲನ್ನೂ ತಾನೇ ಬರೆಯುವ ಹುಡುಗನಿಗೆ ಕಾನ್ ಅಂದರೆ ಹಿಂದಿಯ ಕಿವಿ ಅಂತಲೂ ಇರಬಹುದು. ಅವನ ಒಂದು ಸಾಲು ನೋಡಿ ಸಂತೆಯ ಜನ ನಿಂತು ನಗುತ್ತಾರೆ. ಅದನ್ನು ಅಳೆಯುವ ಸಿಂಹ ಇನ್ನೂ ಹುಟ್ಟಿಲ್ಲ. ಪಾಂಡೆಯವರ ಉದಾಹರಣೆ ನಿಜ. ಆದರೆ ಹಿಂದಿ ಬಲ್ಲವರು ಜ್ಯೂರಿ ಕೋಣೆಯಲ್ಲಿ ಸಿಗುತ್ತಾರೆ. ಕನ್ನಡಕ್ಕೆ ಆ ಅದೃಷ್ಟ ಯಾವಾಗ? ಬೆಂಗಳೂರಿನ ಗೆಲುವೂ ದೊಡ್ಡದೇ. ಆ ಕೆಲಸ ಕನ್ನಡದ್ದಾಗಿರಲಿಲ್ಲ, ಅಷ್ಟೇ.

ಈಗ ಕ್ರೀಡಾ ಪುಟ. ಅಲ್ಲಿ ಬಹುಮಾನದ ರುಚಿ ಬರವಣಿಗೆಯನ್ನು ಉತ್ಪ್ರೇಕ್ಷೆಯತ್ತ ಎಳೆದು ಬೇರೆ ರೀತಿ ಕೆಡಿಸುತ್ತದೆ. 2020ರ ಫೆಬ್ರವರಿ ನೆನಪಿದೆಯಾ? ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿದರು. 100 ಮೀಟರಿಗೆ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್ 9.58. ಮುಗಿಯಿತು, ದೇಶದ ಎಲ್ಲ ಪೇಪರಿನಲ್ಲೂ 'ಕಂಬಳದ ಬೋಲ್ಟ್'. ಕೇಂದ್ರ ಸಚಿವರು ಟ್ರಯಲ್ಸ್‌ಗೆ ಕರೆದರು. ಕಂಬಳದ ಕರೆಯಲ್ಲಿ, ಅಂದರೆ ಕೋಣ ಓಡುವ ಹಾದಿಯಲ್ಲಿ, ಓಡಿಸುವವನ ಮುಂದೆ ಎರಡು ಕೋಣಗಳಿರುತ್ತವೆ, ಅವನ ಕೈಯಲ್ಲಿ ಹಗ್ಗವಿರುತ್ತದೆ. ಅವು ಎಳೆಯುತ್ತವೆ, ಇವನು ಓಡುತ್ತಾನೆ. ಕಾಲ ಕೆಳಗೆ ಕೆಸರು ನೀರು. ಬೋಲ್ಟ್ ನಿಂತ ಜಾಗದಿಂದ ಒಬ್ಬನೇ ಏಳಬೇಕು. ಎರಡೂ ಒಂದೇ ಆಟ ಹೇಗಾಗುತ್ತದೆ? ಇದನ್ನು ಬಿಡಿಸಿ ಬರೆದವರು ಕಡಿಮೆ, ಓದಿದವರು ಇನ್ನೂ ಕಡಿಮೆ. ಪುಣ್ಯಕ್ಕೆ ಗೌಡರಿಗೇ ಪತ್ರಕರ್ತರಿಗಿಂತ ಜಾಸ್ತಿ ವಿವೇಕವಿತ್ತು. ಶ್ರೇಯಸ್ಸು ಕೋಣಗಳದ್ದೂ ಹೌದು ಅಂದರು, ಟ್ರ್ಯಾಕ್ ನನ್ನದಲ್ಲ ಅಂತ ಟ್ರಯಲ್ಸ್‌ಗೆ ಹೋಗಲಿಲ್ಲ. ಯಾವ ಎಂಟ್ರಿ ಫಾರಂನಲ್ಲೂ 'ಉತ್ಪ್ರೇಕ್ಷೆ ಮಾಡದೆ ಬರೆದ ವರದಿ' ಅನ್ನುವ ವಿಭಾಗ ನಾನು ಕಂಡಿಲ್ಲ.

ನನ್ನ ಕ್ರೀಡಾ ಫಲಕವೂ ಅಂಥದ್ದೇ ಒಂದು ಬರಹಕ್ಕೆ ಬಂದದ್ದು. ಹಳೆಯ ಹಾಕಿ ಆಟಗಾರರೊಬ್ಬರ ಬಗ್ಗೆ ಪೂರ್ತಿ ಪುಟ. ಕಣ್ಣೀರು ಸ್ವಲ್ಪ ಜಾಸ್ತಿಯೇ ಸುರಿಸಿದ್ದೆ. ಅದೇ ವರ್ಷದ ಇನ್ನೊಂದು ಬರಹ ಯಾರಿಗೂ ತೋರಿಸಿಲ್ಲ. ಜಿಲ್ಲಾ ಮಟ್ಟದ ಬಾಲಕಿಯರ ಕೊಕ್ಕೊ, ನಾಲ್ಕೇ ಸಾಲು. ರಾತ್ರಿ ಹತ್ತೂವರೆಗೆ ಫೋನಿನಲ್ಲಿ ಸ್ಕೋರು ಬಂತು. ಬಸ್ ನಿಲ್ದಾಣದ ಗದ್ದಲದಲ್ಲಿ ವರದಿಗಾರ ಹೇಳಿದ್ದು ಒಂದು, ನಾನು ಬರೆದುಕೊಂಡದ್ದು ಇನ್ನೊಂದು. ಮೂರು ಜನರನ್ನು ಔಟ್ ಮಾಡಿದ ಹುಡುಗಿ ರಂಜಿತಾ. ಪೇಪರಿನಲ್ಲಿ ಅಚ್ಚಾದದ್ದು ಸಂಗೀತಾ.

ಬೆಳಿಗ್ಗೆ ಹನ್ನೊಂದಕ್ಕೆ ಅವಳ ಅಪ್ಪ ಕಚೇರಿಗೇ ಬಂದರು. ಎರಡು ಬಸ್ ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಜಗಳ ಏನೂ ಮಾಡಲಿಲ್ಲ. "ಸರ್, ಸರ್ಟಿಫಿಕೇಟ್ ಜೊತೆ ಪೇಪರ್ ಕಟಿಂಗ್ ಇಡೋಣ ಅಂತಿದ್ದೆ. ಹೆಸರು ನಮ್ಮ ಮಗಳದ್ದಲ್ಲವಲ್ಲ" ಅಂದರು. ನಾನು ಫೈಲಿನತ್ತ ನೋಡಿದೆ. ಅದರ ತುಂಬ ಅಂಥವೇ ನಾಲ್ಕು ಸಾಲು, ಮೂರು ಸಾಲು, ಒಂದೊಂದಕ್ಕೂ ಕೆಂಪು ಪೆನ್ನಿನಲ್ಲಿ ಅಡಿಗೆರೆ.

ಮರುದಿನ ಒಂದು ಸಾಲಿನ ತಿದ್ದುಪಡಿ ಹಾಕಿದೆವು. ಅವರು ಅದನ್ನು ಕತ್ತರಿಸಿ, ತಪ್ಪಾಗಿದ್ದ ಸುದ್ದಿಯ ಪಕ್ಕದಲ್ಲೇ ಅಂಟಿಸಿ, ಎರಡನ್ನೂ ಸೇರಿಸಿ ಲ್ಯಾಮಿನೇಷನ್ ಮಾಡಿಸಿದರಂತೆ.